ನಮ್ಮವರೇ ಅಲ್ವಾ?

ಡೊಂಬಿವಲಿ
೧೪-೧೧-೨೦೦೬

ಅಕ್ಕಾ,

ಹುಲಿಗೆಮ್ಮಳ ನರ್ಸ್ ಕೆಲಸ ಗಟ್ಟಿಯಾಯಿತು, ಬಾಡಿಗೆ ಕೋಣೆ ಮಾತ್ರ ಸಿಕ್ಕಿಲ್ಲ. ಭಾನುವಾರ ಇಲ್ಲಿಯ ಕನ್ನಡ ಸಂಘದಲ್ಲಿ, ಮನುಷ್ಯರೆಲ್ಲ ಒಂದೇ ಎಂದು ಗಂಟಲು ಹರಿದುಕೊಂಡು ಮಾತಾಡಿದೆ. ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ಜಯಲತಾ ಎಂಬವರು ತಮ್ಮ ಮನೆಯಲ್ಲೇ ಕೋಣೆ ಖಾಲಿ ಇದೆ ಎಂದರು. ಇಂದು ನಿನ್ನ ಮಗಳನ್ನು ಕರೆದುಕೊಂಡು ಹೋದೆ. ಚಹಾ ಕೊಟ್ಟು ಕೇಳಿದರು, "ನೀವು ನಮ್ಮವರೇ ಅಲ್ವಾ?"

"ಹೌದ್ರಿ, ಕೊಪ್ಪಳದವ್ರು" ಎಂದೆ.

"ಅದಲ್ಲ ಮಾರಾಯ್ರೆ, ನಮ್ಮವರಾ ಅಂತ ಕೇಳಿದ್ದು."

ಮಾದಿಗರು ಎಂದೆ, ಯಾಕೆ ಮುಚ್ಚಿಡಬೇಕು. ಆ ಕ್ಷಣಕ್ಕೇ ಆ ಕೋಣೆ ಅವರ ತಂಗಿಗೆ ಬೇಕಾಗಿಬಿಟ್ಟಿತು. ಈ ಮುಂಬೈ ಕಡೆ ಹತ್ತು ಭಾಷೆಯ ಜನ ಒಂದೇ ಲೋಕಲ್ ರೈಲಿನಲ್ಲಿ ಮೈಗೆ ಮೈ ಒತ್ತಿಕೊಂಡು ಹೋಗುತ್ತಾರೆ, ಮನೆ ಬಾಗಿಲಿಗೆ ಬಂದೊಡನೆ ಜಾತಿ ಹುಡುಕುತ್ತಾರೆ.

ಮೆಟ್ಟಿಲು ಇಳಿಯುವಾಗ ಹುಲಿಗೆಮ್ಮ ಅಂದಳು, "ಮಾಮಾ, ಇನ್ನ ಕನ್ನಡದವ್ರ ಮನಿ ಬ್ಯಾಡ. ತಿಳೀಲಾರದ ಭಾಷಾದಾಗ ಇಲ್ಲ ಅನಿಸ್ಕೊಂಡ್ರ ಅಷ್ಟ ನೋವಾಗಂಗಿಲ್ಲ."

ಕಾರ್ಖಾನೆ ಹೊಗೆಗೆ ನನ್ನ ಕೆಮ್ಮು ಹೆಚ್ಚಾಗಿದೆ, ಗುಳಿಗೆ ನುಂಗುತ್ತಿದ್ದೇನೆ. ನಾಳೆ ಪಕ್ಕದ ಊರು ಕಲ್ಯಾಣದಲ್ಲಿ ಮರಾಠಿಯವರ ಮನೆಗಳನ್ನು ನೋಡುತ್ತೇವೆ. ಅವಳಿಗೆ ಮರಾಠಿ ಬರುವುದಿಲ್ಲ, ನನಗೆ ಬರುತ್ತದೆ.

ನಿನ್ನ ತಮ್ಮ,
ದುರಗಪ್ಪ