ನೂರೈದು ಕೆಜಿಯ ಗೆರೆ

ಪ್ರೀತಿಯ ಬಾಬಾಸೋ ದಾದಾನಿಗೆ, ಇಚಲಕರಂಜಿಯಿಂದ ತಂಗಿ ಶೇವಂತಾಳ ನಮಸ್ಕಾರ.

ಫೋನಿನಲ್ಲಿ ಹೇಳಹೋದರೆ ನೀನು ಅಳುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕುಸ್ತಿಗೆ ಇಳಿದ ಮೇಲೆ ಮನೆಯ ಎಮ್ಮೆಯ ಹಾಲೆಲ್ಲ ನಿನ್ನ ಪಾಲಾಯಿತು, ನನಗೆ ಕರಿ ಚಹಾ. ನೀನು ನೂರು ಕೆಜಿ ದಾಟಿದ ದಿನ ಆಯಿ ಮಗ ಗಟ್ಟಿಯಾದನೆಂದು ಓಣಿಗೆಲ್ಲ ಪೇಢೆ ಹಂಚಿದಳು. ಅದೇ ತೂಕ ಐವತ್ತರ ವಯಸ್ಸಿನಲ್ಲಿ ನಿನಗೆ ಅಡ್ಡ ಬಂತು. ಎರಡೂ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್, ಮೂತ್ರ ನಿಂತೇ ಹೋಯಿತು. ನನ್ನ ಕಿಡ್ನಿ ಹೊಂದುತ್ತದೆ ಎಂದು ಗೊತ್ತಾಗಿ ನಾವು ಕುಣಿಯುವಷ್ಟರಲ್ಲಿ ಡಾಕ್ಟರಮ್ಮ ನಿಂಬಾಳ್ಕರ್ ಬಾಯಿ ಅಂದರು: "ತೂಕ ನೂರೈದರ ಒಳಗೆ ಬರಲಿ, ಆಮೇಲೆ ನೋಡೋಣ."

ನೀನು ನೂರ ಒಂಬತ್ತು. ಹಳೇ ಪೈಲ್ವಾನನ ಬುದ್ಧಿ ಬಿಡಬೇಕಲ್ಲ! ಎರಡು ದಿನ ಹನಿ ನೀರು ಕುಡಿಯದೆ, ಏಪ್ರಿಲ್ ಬಿಸಿಲಲ್ಲಿ ಕಂಬಳಿ ಹೊದ್ದು ಬೆವರಿಳಿಸಿ, ಆಸ್ಪತ್ರೆಯ ತಕ್ಕಡಿ ಹತ್ತಿದೆ. ಮುಳ್ಳು ನಿಲ್ಲುವ ಮೊದಲೇ ನೀನು ಬಿದ್ದೆ, ಪಕ್ಕದಲ್ಲಿದ್ದ ಕಾಂಪೌಂಡರನ ಮೇಲೆ. ನಿನಗೆ ಎಚ್ಚರ ಬಂತು, ಅವನಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಅವತ್ತು ನಾನು ಬಾಯಿಯವರ ಕೋಣೆಗೆ ನುಗ್ಗಿದ್ದು ನಿನಗೆ ಗೊತ್ತಿಲ್ಲ.

"ಕಿಡ್ನಿ ನಂದು, ಅಣ್ಣ ನಮ್ಮವನು. ನಡುವೆ ನಿಮ್ಮ ತಕ್ಕಡಿ ಯಾಕೆ ಬಂತು?" ಅಂದೆ.

"ದಪ್ಪ ಮೈಯಲ್ಲಿ ಗಾಯ ಬೇಗ ಮಾಯಲ್ಲ ತಾಯಿ. ಕೆಟ್ಟುಹೋದ್ರೆ ನಿಮ್ಮ ಕಿಡ್ನಿಯೂ ದಂಡ."

"ಹಂಗಂತ ಡಯಾಲಿಸಿಸ್ ಮೇಲೇ ಇಟ್ರೆ ಬದುಕ್ತಾನಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಕಿಡ್ನಿ ಕೂರಿಸಿದ್ರೇನೇ ಹೆಚ್ಚು ದಿನ ಬದುಕ್ತಾರೆ. ಆದ್ರೆ ಒಂದು ಆಪರೇಷನ್ ಕೆಟ್ರೂ ಆಸ್ಪತ್ರೆ ಹೆಸರು ಕೆಡುತ್ತೆ ಅಂತ ನಮಗೆ ಭಯ. ಆ ಗೆರೆ ಎಳೆದೋರೂ ನಾವೇ."

ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ ಡಾಕ್ಟರನ್ನು ಹೇಗೆ ಬೈಯುವುದು? ಆಮೇಲೆ ಅವರೇ ಗೆರೆ ಸಡಿಲಿಸಿ ಎಂದು ಉಳಿದ ಡಾಕ್ಟರುಗಳ ಜೊತೆ ಜಗಳವಾಡಿದರು. ಅಪಾಯವನ್ನೆಲ್ಲ ಬಿಡಿಸಿ ಹೇಳಿ ನಮ್ಮಿಬ್ಬರ ಸಹಿ ಪಡೆದರು. ಎರಡು ತಿಂಗಳು ನಿನ್ನ ಮನೆಯಾಕೆ, ನಮ್ಮ ವಹಿನಿ, ನಿನಗೆ ಮಟನ್ ರಸ್ಸಾದ ವಾಸನೆಯನ್ನೂ ತೋರಿಸಲಿಲ್ಲ. ನೂರ ಆರಕ್ಕೆ ಬಂದೆ. "ಆ ಒಂದು ಕೆಜಿ ನನ್ನ ಹೊಣೆ" ಎಂದರು ಡಾಕ್ಟರ್ ಬಾಯಿ.

ಆಪರೇಷನ್ನಿನ ಮೂರನೇ ದಿನ ನನ್ನನ್ನು ಗಾಲಿ ಕುರ್ಚಿಯಲ್ಲಿ ತಂದಾಗ, ನೀನು ತುಂಬಿದ ಮೂತ್ರದ ಚೀಲವನ್ನು ಕುಸ್ತಿಯಲ್ಲಿ ಗೆದ್ದ ಗದೆಯ ಹಾಗೆ ಎತ್ತಿ, "ನೋಡ್ರೋ, ನಮ್ಮ ಶೇವಂತಾ ಗೆದ್ಲು!" ಎಂದು ಕೂಗಿದೆ. ನರ್ಸು ನಿನ್ನನ್ನು ಬೈದಳು, ವಾರ್ಡೆಲ್ಲ ಸಿಳ್ಳೆ ಹಾಕಿತು. ದಾದಾ, ನಲವತ್ತೇಳು ವರ್ಷದಲ್ಲಿ ನನಗೆಂದು ಯಾರಾದರೂ ಸಿಳ್ಳೆ ಹಾಕಿದ್ದು ಅದೇ ಮೊದಲು.

ದಿನಕ್ಕೆ ಎಂಟು ಸಲ ಎದ್ದು ಹೋಗುವ ಭಾಗ್ಯ ನಿನಗೆ ನೂರು ವರ್ಷ ಇರಲಿ.

ನಿನ್ನ,
ಶೇವಂತಾ