ಸಿರುಗುಪ್ಪ ರಸ್ತೆಯ ಹಗ್ಗ

೧೪ ಮಾರ್ಚ್ ೧೯೫೧, ಬುಧವಾರ, ಬಳ್ಳಾರಿ

ಗೆದ್ದೆವು! ನಮ್ಮ ಕಂಪನಿಯ ಡ್ರೈವರ್ ಹುಲುಗಪ್ಪನ ಲೈಸೆನ್ಸ್ ಉಳಿಯಿತು. ಹಾಳಾದ ಆ ಕಣ್ಣಿನ ಪರೀಕ್ಷೆಯ ಇಂಗ್ಲಿಷ್ ಅಕ್ಷರದ ಹಲಗೆ! ಶಾಲೆಯ ಮೆಟ್ಟಿಲು ಹತ್ತದವನು ಅದನ್ನು ಓದಲಿಲ್ಲವೆಂದು ಡಾಕ್ಟರು ‘ದೃಷ್ಟಿ ಸಾಲದು’ ಎಂದು ಬರೆಯಲು ಹೊರಟಿದ್ದರು. ಗುಮಾಸ್ತನಾದ ನಾನೇ ಕೈಮುಗಿದು ತಡೆದು, ಹುಲುಗಪ್ಪನನ್ನು ಕಿಟಕಿಗೆ ಕರೆದು, ದೂರದಲ್ಲಿ ಏನು ಕಾಣುತ್ತದೆಂದು ಕೇಳಿದೆ. ಸಿರುಗುಪ್ಪ ರಸ್ತೆಯ ತುದಿಯಲ್ಲಿ ನನಗೆ ಕಂಡದ್ದು ಬರೀ ಧೂಳು.

“ನಮ್ಮ ಎರ್ರಣ್ಣನ ಲಾರಿ ರೀ. ಹತ್ತಿ ಹೇರ್ಯಾನ. ಎಡಗಡಿ ಹಗ್ಗ ಸಡಲ ಆಗೇತಿ,” ಎಂದ.

ಡಾಕ್ಟರು ನಕ್ಕರು. ಲಾರಿ ಹತ್ತಿರ ಬಂತು. ಎರ್ರಣ್ಣನೇ, ಹತ್ತಿಯೇ, ಎಡಗಡೆಯ ಹಗ್ಗ ಜೋತಾಡುತ್ತಿತ್ತು. ಡಾಕ್ಟರು ಸಹಿ ಹಾಕಿದರು. ಸರ್ಟಿಫಿಕೇಟು ಕೊಡೋಣವೆಂದು ತಿರುಗಿದರೆ ಹುಲುಗಪ್ಪನೇ ಇಲ್ಲ. ಹೊರಗೆ ಲಾರಿ ನಿಲ್ಲಿಸಿ, ಹಗ್ಗ ಜಗ್ಗಿ ಬಿಗಿಯುತ್ತಾ ಬೈಯುತ್ತಿದ್ದ: “ಲೇ ಎರ್ರಣ್ಣ, ನಿನಗ ಕಣ್ಣು ಕಾಣಂಗಿಲ್ಲೇನಲೇ?”