ಎರಡೂ ಒಂದೇ ಎತ್ತರ

ಮಾರ್ಚ್ 3, ಸೋಮವಾರ

ಐವತ್ತೆರಡು ಕೇಸು. ಗುರಿ ಐವತ್ತೈದು. ಸ್ಟಾಪ್‌ವಾಚ್ ಮುಖ ಗಂಟಿಕ್ಕಿಕೊಂಡು ಹೋದ. ನಮ್ಮ ಟೀಮ್ ಲೀಡರ್‌ಗೆ ನಾವಿಟ್ಟ ಹೆಸರು. ನನಗಿಂತ ಹದಿನೆಂಟು ವರ್ಷ ಚಿಕ್ಕವನು.

ಒಂದು ಜಗಳಕ್ಕೆ ಆರು ನಿಮಿಷ. ಆನ್‌ಲೈನಿನಲ್ಲಿ ಕೊಂಡವರು ಒಂದು ಹೇಳುತ್ತಾರೆ, ಮಾರಿದವರು ಇನ್ನೊಂದು. ಫೋಟೋ ನೋಡು, ಒಬ್ಬರನ್ನು ಗೆಲ್ಲಿಸು, ಟೆಂಪ್ಲೇಟ್ ಕಳಿಸು, ಮುಂದಿನದು. ಹಿಂದೆ ಹನ್ನೊಂದು ವರ್ಷ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದೆ. ಅಲ್ಲಿ ಜಗಳ ಎದುರಾಬದುರು. ವಾಪಸ್ ತಂದವರ ಮುಖ ನೋಡಿದರೇ ಅರ್ಧ ಗೊತ್ತಾಗುತ್ತಿತ್ತು. ಆಗ ಕಾಲು ಬಿದ್ದುಹೋಗುತ್ತಿತ್ತು, ಈಗ ಸೊಂಟ.

ಇವತ್ತಿನವು: ಮುಚ್ಚಳವಿಲ್ಲದೆ ಬಂದ ಕುಕ್ಕರ್. ನೀಲಿ ಅಂತ ಹೇಳಿ ಹಸಿರು ಕಳಿಸಿದ ಪರದೆ (ನನಗೆ ಬೂದಿ ಬಣ್ಣ ಕಂಡಿತು). ಒಂದು ಜೊತೆ ಕಪ್ಪು ಶೂ, ಹೆಂಗಸರದು — ಒಂದರ ಅಟ್ಟೆ ದಪ್ಪ, ಇನ್ನೊಂದರದು ತೆಳು. ಪಕ್ಕಪಕ್ಕ ಇಟ್ಟ ಫೋಟೋದಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು. ಹೊಲಿದು ಮಾರಿದವನ ಉತ್ತರ ಎರಡೇ ಪದ: 'ಸರಿಯಾಗೇ ಮಾಡಿದ್ದೀನಿ.' ಅಬ್ಬಾ, ಜಂಬವೇ! ಕೊಂಡವಳನ್ನು ಗೆಲ್ಲಿಸಿದೆ. ದುಡ್ಡು ವಾಪಸ್. 'ದೋಷವಿರುವ ವಸ್ತುವನ್ನು ಹಿಂದಿರುಗಿಸಬೇಕಿಲ್ಲ, ತಾವೇ ವಿಲೇವಾರಿ ಮಾಡಿ' ಅನ್ನುವ ಟೆಂಪ್ಲೇಟ್. ಅವನ ಅಂಗಡಿಗೆ ತಡೆ ಬಿತ್ತು. ಮೂರನೇ ದೂರಿಗೆ ತಾನಾಗೇ ಬೀಳುತ್ತದೆ. ಒಟ್ಟು ಐವತ್ತು ಸೆಕೆಂಡ್. ಉಳಿದ ಐದು ನಿಮಿಷ ಕಣ್ಣು ಮುಚ್ಚಿ ಕೂತೆ.

ಮಧ್ಯಾಹ್ನ ಮತ್ತೆ ಶೂ. ಇದು ಮಜಾ. ಒಬ್ಬಳ ದೂರು: 'ಎರಡೂ ಶೂ ಒಂದೇ ಎತ್ತರ ಇವೆ. ಬದಲಾಯಿಸಿ ಕೊಡಿ. ಹದಿನೆಂಟಕ್ಕೆ ಬೇಕೇ ಬೇಕು.' ಪಕ್ಕದ ಸೀಟಿನವನಿಗೆ ತೋರಿಸಿದೆ.

"ಆಂಟಿ, ಮತ್ತಿನ್ನೇನು, ಒಂದು ಶೂ ಒಂದು ಚಪ್ಪಲಿ ಕಳಿಸ್ಬೇಕಿತ್ತಂತಾ?"

ಟೀ ಹೊತ್ತಿಗೆ ಇಡೀ ಸಾಲಿಗೆ ಸುದ್ದಿ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಂಟಿ ಅಂದದ್ದನ್ನೂ ಮಾಫ್ ಮಾಡಿದೆ. 'ವಸ್ತು ವಿವರಣೆಯಂತೆಯೇ ಇದೆ' ಎಂದು ದೂರು ತಳ್ಳಿಹಾಕಿದೆ.

ಮಾರ್ಚ್ 5

ಐವತ್ತೆಂಟು. ಸ್ಟಾಪ್‌ವಾಚ್ ಹೆಬ್ಬೆರಳು ಎತ್ತಿ ತೋರಿಸಿದ. ಮನೆಗೆ ಬಂದಾಗ ಅಕ್ಕ "ಊಟ?" ಅಂದಳಂತೆ, ನಾನು "ಮುಂದಿನದು" ಅಂದೆನಂತೆ. ಅವಳಿಗೆ ನಗು. ನನಗೆ ಅದೂ ಬರಲಿಲ್ಲ.

ಮಾರ್ಚ್ 9, ಭಾನುವಾರ

ಅಕ್ಕ ಮುಂದಿನ ಕೋಣೆಯಲ್ಲಿ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು. ನಗಿಸೋಣ ಎಂದು ಆ ಶೂ ಕಥೆ ಹೇಳಿದೆ. ದನಿ ಬದಲಾಯಿಸಿ, ನಟನೆ ಮಾಡಿ. 'ಎರಡೂ ಒಂದೇ ಎತ್ತರ ಇವೆ!'

ನಗಲಿಲ್ಲ. ಪಿನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಅಯ್ಯೋ ಪೆದ್ದೀ, ಅವಳದ್ದು ಒಂದು ಕಾಲು ಗಿಡ್ಡ ಇರ್ಬೇಕು ಕಣೇ."

"ಹಾಗಂತ ಬರೀಬೇಕಿತ್ತು ತಾನೇ?"

"ನಿಂಗ್ಯಾಕೆ ಬರೀಬೇಕು? ಮೂವತ್ತು ವರ್ಷದಿಂದ ಅಳತೆ ತಗೊಳ್ತಿದ್ದೀನಿ. ಒಬ್ಬರದ್ದೂ ಎರಡು ಭುಜ ಸಮ ಇಲ್ಲ. ಅವರು ಬಾಯಿ ಬಿಡಲ್ಲ, ನಾನು ಕೇಳಲ್ಲ. ಒಂದು ಕಡೆ ಒಂಚೂರು ಬಟ್ಟೆ ಜಾಸ್ತಿ ಬಿಡ್ತೀನಿ, ಅಷ್ಟೇ. ಹೊಲಿಯೋರಿಗೆ ಹೇಳಿರ್ತಾಳೆ. ನಿನ್ನಂಥೋಳಿಗೆ ಯಾಕೆ ಹೇಳ್ತಾಳೆ?"

ಅದೇ ದಿನ ಬೆಳಗಿನ ಕೇಸು ನೆನಪಾಯಿತು. ಒಂದು ದಪ್ಪ, ಒಂದು ತೆಳು. ವಿಲೇವಾರಿ ಮಾಡಿ ಅಂದಿದ್ದೆ.



ಮಾರ್ಚ್ 10, ಸೋಮವಾರ

ಎಂಟಕ್ಕೇ ಹೋಗಿ ಎರಡೂ ಕೇಸು ತೆಗೆದೆ. ಒಂದೇ ಅಂಗಡಿ. ಒಂದೇ ದಿನ ಕಳಿಸಿದ್ದು. ಎರಡೂ ಕಪ್ಪು, ಎರಡೂ ಆರನೇ ಸೈಜು. ವಿಳಾಸದ ಚೀಟಿ ಅದಲುಬದಲಾಗಿದೆ. ಇವಳದ್ದು ಅವಳಿಗೆ, ಅವಳದ್ದು ಇವಳಿಗೆ.

ಆರ್ಡರ್ ಜೊತೆ ಕೊಂಡವರು ಬರೆಯುವ ಟಿಪ್ಪಣಿ ಬೇರೆ ಟ್ಯಾಬಿನಲ್ಲಿರುತ್ತದೆ. ಎರಡು ಕ್ಲಿಕ್ಕು. ನಮ್ಮಲ್ಲಿ ಯಾರೂ ತೆಗೆಯುವುದಿಲ್ಲ. ಇವತ್ತು ತೆಗೆದೆ.

'ಎಡಗಾಲು ಎರಡೂಕಾಲು ಸೆಂಟಿಮೀಟರ್ ಗಿಡ್ಡ. ಹದಿನೆಂಟರಿಂದ ಅಂಗಡಿಯಲ್ಲಿ ಕೆಲಸ, ಇಡೀ ದಿನ ನಿಲ್ಲಬೇಕು. ಹೊರಗೆ ಎದ್ದು ಕಾಣದ ಹಾಗೆ ಮಾಡಿ ಕೊಡಿ.'

ಹನ್ನೊಂದು ವರ್ಷ ನಿಂತವಳು ನಾನು. ಎರಡು ಸಮ ಕಾಲಿದ್ದೂ ಸಂಜೆ ಹೊತ್ತಿಗೆ ಬಿಸಿನೀರಿಗೆ ಕಾಲಿಟ್ಟು ಅಳುತ್ತಿದ್ದೆ. ಅವಳ ಮಾತಿಗೆ ಹಲ್ಲು ಕಿಸಿದೆನಲ್ಲ. ಥೂ.

ಸ್ಟಾಪ್‌ವಾಚ್ ಹತ್ತಿರ ಹೋದೆ.

"ಮೇಡಂ, ಮುಚ್ಚಿದ ಕೇಸು ತೆಗೆದ್ರೆ ನಿಮ್ಮ ಹೆಸರಿಗೆ ತಪ್ಪು ಬೀಳುತ್ತೆ. ಈಗಾಗ್ಲೇ ಎರಡಿದೆ. ಮೂರಾದ್ರೆ ನನ್ನ ಕೈಲೂ ಏನೂ ಇರಲ್ಲ."

"ಬೀಳಲಿ."

"ಯಾಕೆ ಮೈಮೇಲೆ ಎಳ್ಕೊಳ್ತೀರಾ? ಯಾರೂ ಕೇಳ್ತಿಲ್ವಲ್ಲ."

ಅದೇ ಕಷ್ಟ. ಯಾರೂ ಕೇಳುತ್ತಿಲ್ಲ. ಫಾರ್ಮ್ ತುಂಬಿದೆ. 'ತಪ್ಪಿಗೆ ಕಾರಣ ಆರಿಸಿ: ಮಾಹಿತಿ ಕೊರತೆ / ತಾಂತ್ರಿಕ ತೊಂದರೆ / ಇತರೆ.' ಇತರೆ ಒತ್ತಿದೆ. ಏನು ಇತರೆ ಎಂದು ಬರೆಯಲು ಜಾಗವೇ ಕೊಟ್ಟಿಲ್ಲ, ಪುಣ್ಯಾತ್ಮರು.

ಮಾರ್ಚ್ 12

ಅಂಗಡಿಯ ತಡೆ ತೆಗೆಸಿದೆ. ಇಬ್ಬರು ಕೊಂಡವರಿಗೂ ಶೂ ಹೊಲಿಯುವವನಿಗೂ ಟೆಂಪ್ಲೇಟ್ ಬಿಟ್ಟು ನಾನೇ ಬರೆದೆ. ಬರೆಯುವಂತಿಲ್ಲ. ಬರೆದೆ.

ದಪ್ಪ ಅಟ್ಟೆಯದು ಸಿಕ್ಕಿದ್ದವಳ ಉತ್ತರ ಮೊದಲು ಬಂತು. 'ಬಿಸಾಡಿ ಅಂತ ನೀವೇ ಹೇಳಿದ್ರಿ. ಕಸದ ಗಾಡಿಗೆ ಹಾಕಿ ವಾರ ಆಯ್ತು. ಈಗ ಹುಡುಕು ಅಂದ್ರೆ?' ಅವಳು ಹೇಳಿದ್ದರಲ್ಲಿ ಏನು ತಪ್ಪಿದೆ!

ಶೂ ಹೊಲಿಯುವವನದು ಸಂಜೆ. 'ಚೀಟಿ ನಾನೇ ಅದಲುಬದಲು ಅಂಟಿಸಿದ್ದು. ಹೊಲಿಗೆ ಮಾತ್ರ ಸರಿಯಾಗೇ ಇತ್ತು. ಹೊಸ ಜೊತೆಗೆ ಹತ್ತು ದಿನ. ಅವರ ಹತ್ತಿರ ಇರೋ ಜೊತೆ ತಂದರೆ ಎಡಗಡೆಗೆ ಅಟ್ಟೆ ಏರಿಸೋಕೆ ಒಂದು ಸಂಜೆ ಸಾಕು. ಆದರೆ ಅವರೇ ಬರಬೇಕು. ನಿಂತದ್ದು ನೋಡಿ ಏರಿಸಬೇಕು.'

ಹೋಗುವುದು ಹೇಗೆ, ಯಾವ ಊರೋ ಎಂದುಕೊಂಡು ಹದಿನೆಂಟಕ್ಕೆ ಶೂ ಬೇಕಾದವಳದೂ ಹೊಲಿಯುವವನದೂ ವಿಳಾಸ ನೋಡಿದೆ. ಒಂದೇ ಊರು. ಒಂದೇ ಬಡಾವಣೆ. ನಡುವೆ ಮೂರು ಬೀದಿ. ಆ ಶೂ ಪೆಟ್ಟಿಗೆ ಮೂರು ಬೀದಿ ದಾಟಲು ನಮ್ಮ ಗೋದಾಮಿಗೆ ಬಂದು ನಾಲ್ಕು ದಿನ ತಿರುಗಿ ಹೋಗಿದೆ. ನಗಬೇಕೋ ಅಳಬೇಕೋ.

ಮಾರ್ಚ್ 13

ಅವಳಿಗೆ ಶೂ ಹೊಲಿಯುವವನ ಫೋನ್ ನಂಬರ್ ಕಳಿಸಿದೆ. ಅಂಕಿಗಳೆಲ್ಲ ನಕ್ಷತ್ರದ ಗುರುತಾಗಿ ಹೋದವು. ಕೊಂಡವರೂ ಮಾರುವವರೂ ನೇರ ಮಾತಾಡಬಾರದು ಎಂದು ಕಂಪ್ಯೂಟರೇ ಅಳಿಸುತ್ತದೆ. ಅಕ್ಷರದಲ್ಲಿ ಬರೆದೆ — ಒಂಬತ್ತು, ಎಂಟು... ಅದೂ ನಕ್ಷತ್ರ. ಬಲೇ ಬುದ್ಧಿವಂತ ಯಂತ್ರ. ಕೊನೆಗೆ ದಾರಿ ಬರೆದೆ: ನಿಮ್ಮ ಬೀದಿ ದಾಟಿ ಎಡಕ್ಕೆ ತಿರುಗಿ, ಮೂರನೇ ಬೀದಿ, ಗಡಿಯಾರ ರಿಪೇರಿ ಅಂಗಡಿ ಪಕ್ಕದ ಮೆಟ್ಟಿಲು. ನಕ್ಷೆ ನೋಡಿ ನೋಡಿ ಬರೆದೆ. ಹೋಯಿತು.

ಉತ್ತರ ನಾಲ್ಕು ಗಂಟೆಗೆ: 'ಅಂಗಡಿಗೆ ಹೋಗೋ ಹಾಗಿದ್ದಿದ್ರೆ ಆನ್‌ಲೈನ್ ಯಾಕೆ ತಗೊಳ್ತಿದ್ದೆ?'



ಅಕ್ಕನಿಗೆ ಓದಿ ಹೇಳಿದೆ. "ಹೋಗಲ್ಲ ಕಣೇ ಅವಳು. ಚಿಕ್ಕಂದಿನಿಂದ ಎಷ್ಟು ಜನ ಆ ಕಾಲು ಹಿಡಿದು ನೋಡಿದ್ದಾರೋ! ನಾಲ್ಕು ಜನ ಕೂತಿರೋ ಕಡೆ ಹೋಗಿ ಮತ್ತೆ ತೋರ್ಸು ಅಂದ್ರೆ?"

ಐದು ದಿನ ಉಳಿದಿದೆ.

ಮಾರ್ಚ್ 14, ಶುಕ್ರವಾರ

ಮಧ್ಯಾಹ್ನ ಊಟ ಬಿಟ್ಟು ಬರೆದೆ. ಮೂರು ಸಲ ಅಳಿಸಿದೆ. ಕಳಿಸಿದ್ದು ಇದು:

'ನಿಮ್ಮ ದೂರು ತಳ್ಳಿಹಾಕಿದವಳು ನಾನೇ. ಟಿಪ್ಪಣಿ ಓದಲಿಲ್ಲ. ಓದದೆ ನಕ್ಕೆ. ಬೇರೆಯವರಿಗೂ ತೋರಿಸಿ ನಗಿಸಿದೆ. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ನಾನೂ ಅಂಗಡಿಯಲ್ಲಿ ನಿಂತವಳು, ಸಮ ಇಲ್ಲದೆ ನಿಂತರೆ ಸೊಂಟಕ್ಕೆ ಏನಾಗುತ್ತದೆ ಗೊತ್ತು. ಶೂ ಹೊಲಿಯುವವರು ನಿಮ್ಮ ಟಿಪ್ಪಣಿ ಓದಿ ಸರಿಯಾಗೇ ಮಾಡಿದ್ದರು. ಅವರು ನಗಲಿಲ್ಲ. ಭಾನುವಾರ, ಸೋಮವಾರ ಸಂಜೆ ಆರರ ಮೇಲೆ ಅಂಗಡಿ ಬಾಗಿಲು ಅರ್ಧ ಮುಚ್ಚಿ ಒಬ್ಬರೇ ಕೂತಿರುತ್ತಾರಂತೆ. ನಾನೇ ಕೇಳಿಕೊಂಡೆ. ದಯವಿಟ್ಟು ಹೋಗಿ.'

ಕಳಿಸಿದ ಮೇಲೆ ಮುಂದಿನ ಕೇಸು ತೆಗೆದೆ.

ಮಾರ್ಚ್ 17, ಸೋಮವಾರ

ಉತ್ತರವಿಲ್ಲ. ಬೆಳಗಿನಿಂದ ಒಂಬತ್ತು ಸಲ ತೆಗೆದು ನೋಡಿದೆ.

ಸ್ಟಾಪ್‌ವಾಚ್ ಗಾಜಿನ ಕೋಣೆಗೆ ಕರೆದ. ಮೇಲಿನವರು ನನ್ನ ಮೆಸೇಜು ಅಚ್ಚು ಹಾಕಿ ಕೊಟ್ಟಿದ್ದಾರೆ. ಹಳದಿ ಗೀಟು ಎಳೆದ ಜಾಗ ಒಂದೇ.

"ತಪ್ಪಾಯ್ತು ಅನ್ನೋಕೆ ಟೆಂಪ್ಲೇಟ್ ಇದೆಯಲ್ಲ ಮೇಡಂ. ನಕ್ಕೆ ಅಂತ ಯಾಕೆ ಬರೆದ್ರಿ? ಅವಳು ನಾಳೆ ಕೋರ್ಟಿಗೆ ಹೋದ್ರೆ?"

"ನಕ್ಕಿದ್ದು ನಿಜ ಅಲ್ವಾ?"

"ನಾನೂ ನಕ್ಕಿದ್ದೆ," ಅಂದ. ನನ್ನ ಮುಖ ನೋಡಲಿಲ್ಲ. "ನಾಳೆ ಹನ್ನೊಂದಕ್ಕೆ ಕಾಗದ ಕೊಡ್ತಾರೆ. ಸೈನ್ ಮಾಡ್ಬೇಕು. ಅಲ್ಲೀವರೆಗೆ ಲಾಗಿನ್ ಇರುತ್ತೆ. ಅಷ್ಟು ಮಾತ್ರ ಮಾಡಿಸ್ದೆ."

ಪಾಪ, ಅವನೂ ಸೋತಿದ್ದಾನೆ. ಕಣ್ಣ ಕೆಳಗೆ ಕಪ್ಪು.

ಅಕ್ಕನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. "ಕೆಲ್ಸ ಹೋದ್ರೆ ಹೋಗ್ಲಿ. ಗುಂಡಿ ಹಚ್ಚೋಕೆ ಕೂರು," ಅಂದಳು. ಆಮೇಲೆ ಮೆಷಿನ್ ನಿಲ್ಲಿಸಿ ಕೇಳಿದಳು, "ಅವಳು ಹೋದ್ಲಾ?"

ಗೊತ್ತಿಲ್ಲ ಅಂದೆ. ಬಹಳ ಸುಸ್ತು.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 10.50

ಸೀಟಿನಲ್ಲೇ ಬರೆಯುತ್ತಿದ್ದೇನೆ. ಚೀಲ ತುಂಬಿಟ್ಟಾಗಿದೆ — ಲೋಟ, ಶಾಲು, ಸೊಂಟದ ದಿಂಬು. ಪಕ್ಕದ ಸೀಟಿನವನು ಬೆಳಗಿನಿಂದ ಆಂಟಿ ಅಂದಿಲ್ಲ.

ಕೊನೇ ಸಲ ಎಂದು ಆ ಕೇಸು ತೆಗೆದೆ. ಹೊಸ ಫೋಟೋ ಇದೆ. ಶೂ ಹೊಲಿಯುವವನು ಹಾಕಿದ್ದು, ನಿನ್ನೆ ಸಂಜೆ ಏಳೂವರೆಗೆ. ಕೆಳಗೆ ಎರಡೇ ಪದ.

'ಸರಿಯಾಗೇ ಮಾಡಿದ್ದೀನಿ.'

ಮೊಣಕಾಲಿನಿಂದ ಕೆಳಗೆ ಮಾತ್ರ ಇದೆ ಚಿತ್ರದಲ್ಲಿ. ಸಿಮೆಂಟು ನೆಲ, ಚರ್ಮದ ಚೂರುಗಳು, ಅರ್ಧ ಮುಚ್ಚಿದ ಬಾಗಿಲು. ಕಪ್ಪು ಶೂ ಹಾಕಿಕೊಂಡು ಒಬ್ಬಳು ನಿಂತಿದ್ದಾಳೆ. ಇಸ್ತ್ರಿ ಮಾಡಿದ ಬೂದು ಪ್ಯಾಂಟು, ಹೊಸದು, ಕೆಲಸದ್ದೇ ಇರಬೇಕು. ಎಡ ಅಟ್ಟೆ ದಪ್ಪ. ಹುಡುಕಿದರೆ ಮಾತ್ರ ಕಾಣುತ್ತದೆ.

ಹೋಗಿದ್ದಾಳೆ. ಹೋಗಿದ್ದಾಳೆ ಕಣೇ ಅಕ್ಕಾ!

ಇಷ್ಟು ಹೊತ್ತಿಗೆ ಯಾವುದೋ ಕೌಂಟರಿನ ಹಿಂದೆ ನಿಂತಿರುತ್ತಾಳೆ.

ಗಾಜಿನ ಕೋಣೆಯ ಬಾಗಿಲು ತೆರೆಯಿತು. ಸ್ಟಾಪ್‌ವಾಚ್ ಬರುತ್ತಿದ್ದಾನೆ, ಕೈಯಲ್ಲಿ ಕಾಗದ. ಬರಲಿ. ಅಕ್ಕ ಕೇಳುವುದು ಒಂದೇ, ಪ್ಯಾಂಟಿನ ಅಂಚು ಹೇಗೆ ಕೂತಿದೆ ಎಂದು. ಚೀಲದಿಂದ ಸ್ಕೇಲ್ ತೆಗೆದು ಸ್ಕ್ರೀನಿನ ಮೇಲೆ ಇಟ್ಟೆ. ಎಡಗಡೆ ಅಂಚು ನೆಲದಿಂದ ಹನ್ನೆರಡು ಮಿಲಿಮೀಟರ್. ಬಲಗಡೆಯೂ ಹನ್ನೆ…